ನೆಗೆಟಿವ್ ಎಂಬ ಅರ್ಧ ಚಿತ್ರ

ಫಿಲ್ಮ್ ಸತ್ತಿತೆಂದು ಶ್ರದ್ಧಾಂಜಲಿ ಬರೆದವರೆಲ್ಲ ಈಗ ಸ್ವಲ್ಪ ಪೇಚಿಗೆ ಸಿಕ್ಕಿದ್ದಾರೆ. 2012ರ ಜನವರಿಯಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಎಕ್ಟಾಕ್ರೋಮ್ ಎಂಬ ಹೆಸರಾಂತ ಸ್ಲೈಡ್ ಫಿಲ್ಮಿಗೂ ವಿದಾಯ ಹೇಳಿತು. ಕತೆ ಮುಗಿಯಿತು ಅಂದುಕೊಂಡರೆ, 2018ರಲ್ಲಿ ಅದೇ ಎಕ್ಟಾಕ್ರೋಮ್ ಮತ್ತೆ ಅಂಗಡಿಗೆ ಬಂತು. 2023ರ ‘ಓಪನ್‌ಹೈಮರ್’ ಸಿನಿಮಾಕ್ಕೆಂದು ಕೊಡಾಕ್ 65 ಮಿ.ಮೀ. ಅಗಲದ ಕಪ್ಪುಬಿಳುಪು ಫಿಲ್ಮನ್ನು ಮೊದಲ ಬಾರಿಗೆ ತಯಾರಿಸಿ ಕೊಟ್ಟಿತು. 2024ರಲ್ಲಿ ಪೆಂಟಾಕ್ಸ್ ಹೊಚ್ಚ ಹೊಸ ಫಿಲ್ಮ್ ಕ್ಯಾಮೆರಾ ಹೊರತಂದಿತು. ಅದರಲ್ಲಿ ಒಂದು ಚಿತ್ರದ ಜಾಗದಲ್ಲಿ ಎರಡು ತೆಗೆಯಬಹುದು. 36ರ ರೋಲಿನಲ್ಲಿ 72. ರೋಲಿನ ಬೆಲೆ ಬಲ್ಲವರಿಗೆ ಅದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರು, ಮೈಸೂರಿನ ಕಾಲೇಜು ಹುಡುಗರ ಕೊರಳಲ್ಲೂ ಈಗ ಅಪ್ಪನ ಬೀರುವಿನಿಂದ ಹೊರಬಿದ್ದ ಯಾಶಿಕಾ, ಝೆನಿತ್‌ಗಳು ನೇತಾಡುತ್ತವೆ. ರೋಲು ಮುಗಿಯುತ್ತದೆ, ಲ್ಯಾಬಿಗೆ ಹೋಗುತ್ತದೆ, ತೊಳೆದ ಮೇಲೆ ಸ್ಕ್ಯಾನ್ ಆದ ಫೈಲುಗಳು ಫೋನಿಗೆ ಬರುತ್ತವೆ. ಅಲ್ಲಿಗೆ ಮುಗಿಯಿತು. ಎಷ್ಟೋ ಜನ ನೆಗೆಟಿವನ್ನು ವಾಪಸು ತರಲೂ ಹೋಗುವುದಿಲ್ಲ. ಅವರ ಸಂತೋಷಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಆದರೆ ರಸಾಯನಶಾಸ್ತ್ರದ ಕಡೆಯಿಂದ ನೋಡಿದರೆ ಇದು ಮಧ್ಯಂತರದಲ್ಲೇ ಥಿಯೇಟರಿನಿಂದ ಎದ್ದು ಬಂದ ಹಾಗೆ. ನೆಗೆಟಿವನ್ನು ಯಾರೂ ನೋಡಲೆಂದು ಮಾಡಿಲ್ಲ. ಅದರ ಕಪ್ಪು ಎಷ್ಟು ಗಾಢವಾಗಬೇಕು, ಬಿಳುಪು ಎಷ್ಟು ತಿಳಿಯಾಗಿರಬೇಕು ಎಂಬುದನ್ನೆಲ್ಲ ನಿರ್ಧರಿಸಿದ್ದು ಬೆಳ್ಳಿ ಲೇಪಿಸಿದ ಇನ್ನೊಂದು ಕಾಗದ. ಆ ಕಾಗದವಿಲ್ಲದೆ ಫಿಲ್ಮಿನ ವಿಜ್ಞಾನ ಅರ್ಧಂಬರ್ಧ.

ಮೊದಲು ಒಂದು ಭ್ರಮೆಯನ್ನು ಬದಿಗಿಡೋಣ. ಫಿಲ್ಮಿನಲ್ಲಿ ಬೆಳಕು ‘ಚೆನ್ನಾಗಿ’ ದಾಖಲಾಗುತ್ತದೆ, ಡಿಜಿಟಲ್ ಅದರ ಹತ್ತಿರ ಸುಳಿಯಲಾರದು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನ ಕಣಗಳಲ್ಲಿ, ಅಂದರೆ ಫೋಟಾನುಗಳಲ್ಲಿ, ಒಳ್ಳೆಯ ಸಿಲಿಕಾನ್ ಸೆನ್ಸರು ಅರ್ಧಕ್ಕಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಖಗೋಳ ವಿಜ್ಞಾನಿಗಳು ಬಳಸುವ ಸೆನ್ಸರುಗಳಲ್ಲಿ ಇದು ಶೇ. 80ನ್ನೂ ದಾಟುತ್ತದೆ. ಫಿಲ್ಮಿನ ದಕ್ಷತೆ ಶೇ. 1ರ ಆಸುಪಾಸು. ದೂರದರ್ಶಕಗಳ ಹಿಂದೆ ನಿಂತವರು ಗಾಜಿನ ಫಲಕಗಳನ್ನು ಕೈಬಿಟ್ಟು ಸಿಲಿಕಾನಿಗೆ ಹೋದದ್ದು ಫ್ಯಾಷನ್ನಿಗಲ್ಲ. ಫಿಲ್ಮಿಗೆ ಮರಳುವವರಿಗೆ ಬೇರೆ ಕಾರಣಗಳಿರಬಹುದು. ಬೆಳಕನ್ನು ಹಿಡಿಯುವ ಸಾಮರ್ಥ್ಯ ಅವುಗಳಲ್ಲಿ ಸೇರುವುದಿಲ್ಲ.

ಹಾಗಾದರೆ ಇಷ್ಟು ಅದಕ್ಷವಾದ ವಸ್ತು ಒಂದೂವರೆ ಶತಮಾನ ಜಗತ್ತನ್ನು ಆಳಿದ್ದು ಹೇಗೆ? ಹಿಡಿದದ್ದು ಅತ್ಯಲ್ಪವಾದರೂ ಅದನ್ನು ನೂರಾರು ಕೋಟಿ ಪಟ್ಟು ಹಿಗ್ಗಿಸಬಲ್ಲ ವಿದ್ಯೆ ಅದಕ್ಕೆ ಗೊತ್ತು.

ಫಿಲ್ಮಿನ ಮೇಲಿನ ಲೇಪನ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪ. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ನಿನಲ್ಲಿ ಸಿಲ್ವರ್ ಬ್ರೋಮೈಡಿನ ಹರಳುಗಳು ಹುದುಗಿರುತ್ತವೆ. ಒಂದು ಹರಳನ್ನು ಹೊರತೆಗೆದು ನೋಡೋಣ. ಪ್ರತಿ ಬದಿಯೂ ಒಂದು ಮೈಕ್ರಾನ್ ಇರುವ ಘನ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು 2000 ಕೋಟಿ ಬೆಳ್ಳಿಯ ಅಯಾನುಗಳಿವೆ. ಪ್ರತಿಯೊಂದಕ್ಕೂ ಒಂದು ಎಲೆಕ್ಟ್ರಾನ್ ಕಡಿಮೆ. ಆ ಒಂದು ಎಲೆಕ್ಟ್ರಾನ್ ಸಿಕ್ಕರೆ ಅಯಾನು ಲೋಹದ ಬೆಳ್ಳಿಯಾಗುತ್ತದೆ. ಶಟರ್ ತೆರೆದಾಗ ಬಂದ ಫೋಟಾನು ಬ್ರೋಮೈಡಿನಿಂದ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಅದು ಹರಳಿನೊಳಗೆ ಅಲೆದಾಡಿ, ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಅದರ ಸೆಳೆತಕ್ಕೆ, ಜಾಲದಿಂದ ಸಡಿಲಗೊಂಡು ಓಡಾಡುತ್ತಿದ್ದ ಬೆಳ್ಳಿಯ ಅಯಾನೊಂದು ಅಲ್ಲಿಗೆ ಬಂದು ಸೇರುತ್ತದೆ. ಒಂದು ಪರಮಾಣು ಬೆಳ್ಳಿ ತಯಾರು. ಇನ್ನೊಂದು ಫೋಟಾನು, ಇನ್ನೊಂದು ಪರಮಾಣು, ಅದೇ ಜಾಗದಲ್ಲಿ. 1938ರಲ್ಲಿ ರೊನಾಲ್ಡ್ ಗರ್ನಿ ಮತ್ತು ನೆವಿಲ್ ಮಾಟ್ ಈ ಎರಡು ಹೆಜ್ಜೆಯ ವಿವರಣೆಯನ್ನು ಮುಂದಿಟ್ಟರು. ನಾಲ್ಕು ಪರಮಾಣುಗಳು ಒಟ್ಟುಗೂಡಿದರೆ ಸಾಕು, ಆ ಹರಳು ‘ಬೆಳಕು ಕಂಡ ಹರಳು’ ಎನ್ನಿಸಿಕೊಳ್ಳುತ್ತದೆ. 2000 ಕೋಟಿಯಲ್ಲಿ ನಾಲ್ಕು! ಯಾವ ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೂ ಚಿತ್ರ ಕಾಣುವುದಿಲ್ಲ. ಆದರೆ ಚಿತ್ರ ಇದೆ. ಇದಕ್ಕೆ ಸುಪ್ತ ಬಿಂಬ ಎಂದು ಹೆಸರು. ಕ್ಯಾಮೆರಾದಿಂದ ತೆಗೆದ ರೋಲು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದರೂ ಆ ಬಿಂಬ ಒಂದಿಷ್ಟು ಮಾಸಬಹುದೇ ಹೊರತು ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ.

ಎಲೆಕ್ಟ್ರಾನ್ ‘ಎಲ್ಲೋ ಒಂದು ಕಡೆ’ ಸಿಕ್ಕಿಬೀಳುತ್ತದೆ ಎಂದೆನಲ್ಲ, ಆ ಜಾಗ ಯಾವುದು ಎಂಬುದರ ಹಿಂದೆ ಒಂದು ಸ್ವಾರಸ್ಯವಿದೆ. ಒಂದು ಕಡೆಯಿಂದ ಬಂದ ಜೆಲಟಿನ್ ಬಳಸಿದರೆ ಫಿಲ್ಮು ಚುರುಕು, ಇನ್ನೊಂದು ಕಡೆಯದಾದರೆ ಮಂದ. ತಯಾರಕರಿಗೆ ಇದು ಬಹುಕಾಲದ ತಲೆನೋವಾಗಿತ್ತು. 1920ರ ದಶಕದಲ್ಲಿ ಕೊಡಾಕಿನ ಸಂಶೋಧನಾಲಯದಲ್ಲಿದ್ದ ಸ್ಯಾಮ್ಯುಯೆಲ್ ಶೆಪ್ಪರ್ಡ್ ಇದರ ಬೆನ್ನುಹತ್ತಿದ. ಜೆಲಟಿನ್ನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಗಂಧಕದ ಸಂಯುಕ್ತವೊಂದು ಅವನಿಗೆ ಸಿಕ್ಕಿತು. ಸಾಸಿವೆಗೆ ಘಾಟು ಕೊಡುವ ಸಂಯುಕ್ತ ಅದು. ದನಗಳು ಮೇದ ಸಾಸಿವೆ ಜಾತಿಯ ಗಿಡಗಳಿಂದ ಅವುಗಳ ಮೈಗೆ, ಅಲ್ಲಿಂದ ಜೆಲಟಿನ್ನಿಗೆ ಬಂದಿತ್ತು. ಈ ಗಂಧಕ ಹರಳಿನ ಮೇಲ್ಮೈಯಲ್ಲಿ ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡಿನ ಚುಕ್ಕೆಗಳನ್ನು ಮಾಡುತ್ತದೆ. ಅಲೆಯುವ ಎಲೆಕ್ಟ್ರಾನ್ ಸಿಕ್ಕಿಬೀಳುವುದು ಆ ಚುಕ್ಕೆಗಳಲ್ಲೇ. ಆಮೇಲೆ ಕಾರ್ಖಾನೆಗಳು ದನದ ಮೇವನ್ನು ನಂಬಿ ಕೂರಲಿಲ್ಲ. ಶುದ್ಧ ಜೆಲಟಿನ್ ತಂದು ಗಂಧಕವನ್ನು ಅಳೆದು ಸೇರಿಸತೊಡಗಿದವು. ಸಿಲ್ವರ್ ಸಲ್ಫೈಡ್ ಎಂಬ ಈ ಹೆಸರನ್ನು ನೆನಪಿಡಿ, ಈ ಅಧ್ಯಾಯದಲ್ಲಿ ಅದು ಇನ್ನೂ ಎರಡು ಸಲ ಬರಲಿದೆ. ಅದರಲ್ಲಿ ಒಂದು ಸಲ ಖಳನಾಯಕನಾಗಿ.

ಬೆಳಕು ತೀರ ಕಡಿಮೆಯಿದ್ದಾಗ ಇನ್ನೊಂದು ತೊಡಕು. ಒಂಟಿ ಪರಮಾಣು ಬೆಳ್ಳಿ ಹೆಚ್ಚು ಹೊತ್ತು ಬಾಳುವುದಿಲ್ಲ. ಎರಡನೆಯ ಫೋಟಾನು ಬರಲು ತಡಮಾಡಿದರೆ ಮೊದಲನೆಯದು ಕಟ್ಟಿದ ಪರಮಾಣು ಮತ್ತೆ ಅಯಾನಾಗಿ ಕರಗಿಹೋಗುತ್ತದೆ. ಆದ್ದರಿಂದ ರಾತ್ರಿಯ ಚಿತ್ರಗಳಿಗೆ ಮೀಟರು ಹೇಳಿದಷ್ಟು ಸಮಯ ಸಾಲದು. ಇಲ್ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಮೀಟರು 10 ಸೆಕೆಂಡ್ ಎಂದರೆ 20 ಕೊಡಬೇಕು. 30 ಎಂದರೆ ಹೆಚ್ಚುಕಡಿಮೆ ಒಂದೂವರೆ ನಿಮಿಷ. ಈ ಕೊರತೆಗೆ ಗಣಿತದ ಸೂತ್ರ ಕಟ್ಟಿದವನು ಕಾರ್ಲ್ ಶ್ವಾರ್ಜ್‌ಶೀಲ್ಡ್, 19ನೇ ಶತಮಾನದ ಕೊನೆಯಲ್ಲಿ, ವಿಯೆನ್ನಾದ ವೀಕ್ಷಣಾಲಯವೊಂದರಲ್ಲಿ ನಕ್ಷತ್ರಗಳ ಫೋಟೋ ತೆಗೆಯುತ್ತಿದ್ದಾಗ. ಮುಂದೆ ಐನ್‌ಸ್ಟೈನನ ಸಮೀಕರಣಗಳಿಂದ ಕಪ್ಪುಕುಳಿಯ ಲೆಕ್ಕ ತೆಗೆದವನೂ ಅವನೇ. ಡಿಜಿಟಲ್ ಸೆನ್ಸರಿಗೆ ಈ ಮರೆವು ಇಲ್ಲ.

ಇನ್ನು ಡೆವಲಪರಿನ ಕೆಲಸ. ನಾಲ್ಕು ಪರಮಾಣುಗಳ ಆ ಗುಂಪು ಹಾಲಿಗೆ ಬಿದ್ದ ಹೆಪ್ಪಿನಂತೆ. ಅದು ಬಿದ್ದ ಪಾತ್ರೆ ಪೂರ್ತಿ ಮೊಸರಾಗುತ್ತದೆ, ಬೀಳದ ಪಾತ್ರೆ ಹಾಲಾಗಿಯೇ ಉಳಿಯುತ್ತದೆ. ಡೆವಲಪರ್ ಎಂದರೆ ಎಲೆಕ್ಟ್ರಾನ್ ದಾನಮಾಡುವ ದ್ರಾವಣ. ಬೆಳ್ಳಿಯ ಗುಂಪು ಇರುವ ಹರಳುಗಳಿಗೆ ಅದು ಬೇಗ ಕೊಡುತ್ತದೆ, ಇಲ್ಲದವಕ್ಕೆ ಬಹಳ ನಿಧಾನ. ಎರಡರ ನಡುವಿನ ಈ ವೇಗದ ಅಂತರವೇ ಚಿತ್ರ. ಅದಕ್ಕೇ ಗಡಿಯಾರ ನೋಡಿಕೊಂಡು ನಿಲ್ಲಿಸಬೇಕು. ಹಾಗೆಯೇ ಬಿಟ್ಟರೆ ಬೆಳಕು ಕಾಣದ ಹರಳುಗಳೂ ಒಂದೊಂದಾಗಿ ಕಪ್ಪಾಗಿ ಎಲ್ಲ ಮಸುಕಾಗುತ್ತದೆ. ಗಮನಿಸಿ, ಒಂದು ಹರಳು ಪೂರ್ತಿ ಬೆಳ್ಳಿಯಾಗುತ್ತದೆ ಅಥವಾ ಆಗುವುದೇ ಇಲ್ಲ. ನಡುವಿನ ಬೂದು ಬಣ್ಣ ಹರಳಿಗೆ ಗೊತ್ತಿಲ್ಲ. ಹೌದು-ಅಲ್ಲ ಎಂಬ ಎರಡೇ ಉತ್ತರಗಳ ಲೆಕ್ಕದಲ್ಲಿ ಫಿಲ್ಮು ಸೆನ್ಸರಿಗಿಂತ ಹೆಚ್ಚು ‘ಡಿಜಿಟಲ್’. ಅನಲಾಗ್ ಅಭಿಮಾನಿಗಳು ಇದನ್ನು ಕೇಳಿ ಮುಖ ಸಿಂಡರಿಸುವುದುಂಟು.

ಕೊಡಾಕ್ 1927ರಲ್ಲಿ ರೂಪಿಸಿದ ಡಿ-76 ಇಂದಿಗೂ ಚಾಲ್ತಿಯಲ್ಲಿರುವ ಡೆವಲಪರ್. ಅದರ ಪಾಕ ಗುಟ್ಟೇನಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ತಕ್ಕಡಿ ಇದ್ದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು, ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಪುಸ್ತಕಗಳಲ್ಲಿ ಬರುವ ಸಮಯವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು. ಡಿಸೆಂಬರಿನ ಬೆಂಗಳೂರಿನಲ್ಲಿ ನಲ್ಲಿನೀರು ಅದರ ಹತ್ತಿರ ಬರಬಹುದು. ಏಪ್ರಿಲ್ಲಿನ ರಾಯಚೂರಿನಲ್ಲಿ ಆ ಮಾತೇ ಬೇಡ. 24 ಡಿಗ್ರಿಗೆ ಏರಿದರೆ ಏಳೂವರೆ ನಿಮಿಷದ ಕೆಲಸ ಐದು ನಿಮಿಷ ಚಿಲ್ಲರೆಗೆ ಮುಗಿದುಹೋಗುತ್ತದೆ. ಇನ್ನೂ ಬಿಸಿಯಾದರೆ ಜೆಲಟಿನ್ ಮೆತ್ತಗಾಗಿ ಉಗುರು ತಾಗಿದರೂ ಗೀರು ಬೀಳುತ್ತದೆ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೆವಲಪರ್ ಬಾಟಲಿಯ ಸುತ್ತಲಿನ ಬಕೆಟ್ಟಿಗೆ ಹಾಕಬೇಕು, ದ್ರಾವಣದೊಳಕ್ಕಲ್ಲ.

ಡೆವಲಪರಿನಿಂದ ಹೊರಬಂದ ಫಿಲ್ಮಿನಲ್ಲಿ ಬೆಳಕು ಕಾಣದ ಹರಳುಗಳು ಹಾಗೇ ಉಳಿದಿರುತ್ತವೆ. ಅವನ್ನು ಕರಗಿಸಿ ತೆಗೆಯದಿದ್ದರೆ ಹೊರಗಿನ ಬೆಳಕಿಗೆ ಅವೂ ಕಪ್ಪಾಗುತ್ತವೆ. ಸಿಲ್ವರ್ ಬ್ರೋಮೈಡ್ ನೀರಿನಲ್ಲಿ ಕರಗುವುದಿಲ್ಲ. ಸೋಡಿಯಂ ಥಯೋಸಲ್ಫೇಟಿನಲ್ಲಿ ಕರಗುತ್ತದೆ. ನಮ್ಮ ಸ್ಟುಡಿಯೋದವರ ಬಾಯಲ್ಲಿ ಅದು ಹೈಪೋ. ಬೆಳ್ಳಿಯ ಲವಣಗಳನ್ನು ಇದು ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ, ಫೋಟೋಗ್ರಫಿ ಎಂಬುದು ಹುಟ್ಟುವುದಕ್ಕೂ 20 ವರ್ಷ ಮುಂಚೆ. 1839ರಲ್ಲಿ ಚಿತ್ರ ಉಳಿಸಿಕೊಳ್ಳಲು ಎಲ್ಲರೂ ಒದ್ದಾಡುತ್ತಿದ್ದಾಗ ಅವನ ಬಳಿ ಉತ್ತರ ಸಿದ್ಧವಾಗಿತ್ತು.

ಈಗ ನಮ್ಮ ಕೈಯಲ್ಲಿ ನೆಗೆಟಿವ್ ಇದೆ. ಟ್ಯೂಬ್‌ಲೈಟಿಗೆ ಹಿಡಿದರೆ ಚಪ್ಪೆ, ಎಲ್ಲ ಬೂದು. ಹೊಸಬರು ಇದನ್ನು ಕಂಡು ಕೆಟ್ಟುಹೋಯಿತೆಂದು ಗಾಬರಿಯಾಗುತ್ತಾರೆ. ಅದು ಚಪ್ಪೆಯಾಗಿಯೇ ಇರಬೇಕು.

ಯಾಕೆ? 1890ರಲ್ಲಿ ಫರ್ಡಿನೆಂಡ್ ಹರ್ಟರ್ ಮತ್ತು ವೆರೊ ಡ್ರಿಫೀಲ್ಡ್ ಎಂಬಿಬ್ಬರು, ಫಲಕದ ಮೇಲೆ ಬಿದ್ದ ಬೆಳಕಿಗೂ ಅಲ್ಲಿ ಮೂಡಿದ ಕಪ್ಪಿಗೂ ಇರುವ ಸಂಬಂಧವನ್ನು ಗೆರೆ ಎಳೆದು ತೋರಿಸಿದರು. ಮಲಗಿದ ಎಸ್ ಆಕಾರದ ಗೆರೆ ಅದು. ಕೆಳಗೆ ತೆವಳಿ, ನಡುವೆ ನೇರವಾಗಿ ಏರಿ, ಮೇಲೆ ಬಾಗುತ್ತದೆ. ನಡುವಿನ ಆ ಏರು ಎಷ್ಟು ಕಡಿದಾಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಸಾಮಾನ್ಯ ಕಪ್ಪುಬಿಳುಪು ನೆಗೆಟಿವಿನಲ್ಲಿ ಆ ಏರು 0.6ರ ಹತ್ತಿರ. ದೃಶ್ಯದಲ್ಲಿ ಅತಿ ಬೆಳಗಿದ ಭಾಗಕ್ಕೂ ಅತಿ ಮಬ್ಬಾದ ಭಾಗಕ್ಕೂ 100 ಪಟ್ಟು ಅಂತರವಿದ್ದರೆ ನೆಗೆಟಿವಿನಲ್ಲಿ ಅದು 16 ಪಟ್ಟಿಗೆ ಕುಗ್ಗುತ್ತದೆ. ಹೀಗೆ ಕುಗ್ಗುವುದರಿಂದಲೇ ಅದಕ್ಕೆ ಹೊಟ್ಟೆ ದೊಡ್ಡದು. ಎಕ್ಸ್‌ಪೋಶರ್ ಒಂದೆರಡು ಸ್ಟಾಪ್ ಹೆಚ್ಚಾದರೂ ಗೆರೆಯ ನೇರ ಭಾಗದಲ್ಲೇ ಕುಳಿತಿರುತ್ತದೆ, ಏನೂ ಕಳೆದುಹೋಗುವುದಿಲ್ಲ. ಪ್ರಿಂಟಿನ ಕಾಗದದ ಗೆರೆ ಇದಕ್ಕೆ ತದ್ವಿರುದ್ಧ, ಬಲು ಕಡಿದು. ನೆಗೆಟಿವ್ ಕುಗ್ಗಿಸಿದ 16 ಪಟ್ಟನ್ನು ಅದು ಮತ್ತೆ 100ಕ್ಕೆ ಹಿಗ್ಗಿಸುತ್ತದೆ. ಅಲ್ಲಿಗೆ ಮಿತಿಯೂ ಬಂತು. ಕಾಗದದ ಅತ್ಯಂತ ಗಾಢ ಕಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 1ರಷ್ಟನ್ನು ಹಿಂದಿರುಗಿಸುತ್ತದೆ. ಅತ್ಯಂತ ಬಿಳಿಯ ಭಾಗ ಶೇ. 90. ಇಷ್ಟೇ ಅಂಗಳದಲ್ಲಿ ಇಡೀ ಲೋಕವನ್ನು ಹೊಂದಿಸಬೇಕು.

ಕುಗ್ಗಿಸುವವನೊಬ್ಬ, ಹಿಗ್ಗಿಸುವವನೊಬ್ಬ. ಸ್ಕ್ಯಾನರು ಮಾಡುವುದೇನೆಂದರೆ ಎರಡನೆಯವನನ್ನು ಮನೆಗೆ ಕಳಿಸಿ, ಆ ಜಾಗದಲ್ಲಿ ಒಂದು ಸಾಫ್ಟ್‌ವೇರನ್ನು ಕೂರಿಸುವುದು. ಲ್ಯಾಬಿನ ಯಂತ್ರ ಎಲ್ಲ ರೋಲುಗಳಿಗೂ ತನಗೆ ತೋಚಿದ ಒಂದು ಗೆರೆ ಹಾಕಿ ಕೊಡುತ್ತದೆ. ಜನ ಅದನ್ನು ನೋಡಿ ‘ಫಿಲ್ಮಿನ ಬಣ್ಣವೇ ಬೇರೆ’ ಎನ್ನುತ್ತಾರೆ. ಬಹಳ ಸಲ ಅವರು ಹೊಗಳುತ್ತಿರುವುದು ಸ್ಕ್ಯಾನರಿನ ಸಾಫ್ಟ್‌ವೇರನ್ನು.

ಹಳೆಯ ಕೈಗಳು ಈ ಎರಡನೆಯವನ ಬೆಲೆ ಬಲ್ಲವರಾಗಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರ ಕಪ್ಪುಬಿಳುಪು ವನ್ಯಜೀವಿ ಚಿತ್ರಗಳು ಹೆಸರು ಮಾಡಿದ ಕಾಲದಲ್ಲಿ ದೇಶವಿದೇಶದ ಸ್ಪರ್ಧೆಗಳಿಗೆ ಅಂಚೆಯಲ್ಲಿ ಹೋಗುತ್ತಿದ್ದದ್ದು ಪ್ರಿಂಟುಗಳು. ತೀರ್ಪುಗಾರರ ಕಣ್ಣಿಗೆ ನೆಗೆಟಿವ್ ಬೀಳುತ್ತಲೇ ಇರಲಿಲ್ಲ. ಊರ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ಟಚಿಂಗ್ ಮಾಡುತ್ತಿದ್ದದ್ದೂ ಪ್ರಿಂಟಿನ ಸಲುವಾಗಿಯೇ. ನೆಗೆಟಿವಿನಲ್ಲಿ ಕಪ್ಪು ಸೇರಿಸಿದರೆ ಕಾಗದದಲ್ಲಿ ಕೆನ್ನೆಯ ಗುಳಿ ತುಂಬಿಕೊಳ್ಳುತ್ತದೆ.

ಒಂದು ನೆಗೆಟಿವನ್ನು, ಅದರ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್ಲಾರ್ಜರಿಗೆ ಹಾಕೋಣ. ತೊಟ್ಟಿಮನೆಯ ಚಿತ್ರ. ನಡುಹಗಲು, ತೊಟ್ಟಿಯೊಳಗೆ ಬಿಸಿಲು ನೇರ ಬಿದ್ದಿದೆ. ಅಂಚಿನಲ್ಲಿ ಕುಳಿತ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾರೆ. ಬಿಳಿ ಸೀರೆಯ ಸೆರಗು ಬಿಸಿಲಿನಲ್ಲಿದೆ, ಮುಖ ಜಗಲಿಯ ನೆರಳಿನಲ್ಲಿ, ಹಿಂದೆ ಅಡುಗೆಮನೆಯ ಬಾಗಿಲು, ಅದರೊಳಗೆ ಕತ್ತಲು. ಸೆರಗಿಗೂ ಆ ಕತ್ತಲಿಗೂ ಬೆಳಕಿನಲ್ಲಿ ಸಾವಿರಾರು ಪಟ್ಟು ಅಂತರ. ನೆಗೆಟಿವ್ ಅಷ್ಟನ್ನೂ ಹಿಡಿದುಕೊಂಡಿದೆ. ಕಾಗದಕ್ಕೆ ಅಷ್ಟು ಹಿಡಿಯುವುದಿಲ್ಲ.

ಕೋಣೆಯಲ್ಲಿ ಕೆಂಪು ದೀಪ. ಸಿಲ್ವರ್ ಬ್ರೋಮೈಡ್ ಸ್ವಭಾವತಃ ನೀಲಿಯನ್ನಷ್ಟೇ ಕಾಣುತ್ತದೆ. ಬಣ್ಣದ ರಾಸಾಯನಿಕ ಬೆರೆಸಿ ಅದಕ್ಕೆ ಹಸಿರನ್ನೂ ಕೆಂಪನ್ನೂ ಕಲಿಸಬಹುದೆಂದು ತೋರಿಸಿದವನು ಹರ್ಮನ್ ವೋಗೆಲ್, 1873ರಲ್ಲಿ. ಈಗಿನ ಬಹುತೇಕ ಫಿಲ್ಮುಗಳು ಕೆಂಪನ್ನು ಕಾಣುತ್ತವೆ, ಆದ್ದರಿಂದ ಅವಕ್ಕೆ ಪೂರ್ತಿ ಕತ್ತಲೆಯೇ ಬೇಕು. ಪ್ರಿಂಟಿನ ಕಾಗದಕ್ಕೆ ಮಾತ್ರ ಕೆಂಪು ಕಲಿಸುವ ಗೋಜಿಗೆ ಹೋಗಿಲ್ಲ. ಕೆಂಪು ಕಾಣದ ಫಿಲ್ಮುಗಳ ಕಾಲದ ಫೋಟೋಗಳಲ್ಲಿ ಮುತ್ತಜ್ಜಿಯರ ಹಣೆಯ ಕುಂಕುಮ ಕಡುಕಪ್ಪಾಗಿರುವುದೂ ಇದೇ ಕಾರಣಕ್ಕೆ.

ಒಂದು ಪಟ್ಟಿ ಕಾಗದವನ್ನು ಕತ್ತರಿಸಿ, ಅಜ್ಜಿಯ ಮುಖದಿಂದ ಸೆರಗಿನವರೆಗೆ ಅಡ್ಡಲಾಗಿ ಇಡುತ್ತೇವೆ. ರಟ್ಟಿನಿಂದ ಮುಚ್ಚಿ, ನಾಲ್ಕು ನಾಲ್ಕು ಸೆಕೆಂಡಿಗೆ ಒಂದಿಷ್ಟು ಸರಿಸುತ್ತ ಹೋದರೆ ಒಂದೇ ಪಟ್ಟಿಯಲ್ಲಿ 4, 8, 12, 16, 20 ಸೆಕೆಂಡುಗಳ ಮೆಟ್ಟಿಲು. ಇದು ಟೆಸ್ಟ್ ಸ್ಟ್ರಿಪ್. ಡೆವಲಪರ್ ಟ್ರೇಗೆ ಜಾರಿಸಿದ ಮೇಲೆ ಹತ್ತು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಮೊದಲು ಬಾಗಿಲ ಕತ್ತಲು, ನಂತರ ಅಜ್ಜಿಯ ಕೂದಲು, ಮೊರದ ಅಂಚು, ಹೀಗೆ ಗಾಢವಾದದ್ದೇ ಮುಂದಾಗಿ ಮೂಡುತ್ತದೆ. ಈ ಹಂತದಲ್ಲಿ ಬೇಗ ಹೊರತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ಕೆಂಪು ದೀಪದಲ್ಲಿ ಪ್ರಿಂಟು ಇದ್ದದ್ದಕ್ಕಿಂತ ಕಪ್ಪಾಗಿ ಕಾಣುವುದರಿಂದ ಆ ಆಸೆಯನ್ನು ನಂಬಬಾರದು. ಕಾಗದದ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಲೇಬೇಕು. ಕಾಗದದಲ್ಲಿ ಡೆವಲಪ್ ಸಮಯ ಸ್ಥಿರ, ಬದಲಾಯಿಸುವುದೆಲ್ಲ ಎನ್ಲಾರ್ಜರಿನ ಬೆಳಕನ್ನು.

12 ಸೆಕೆಂಡಿನ ಮೆಟ್ಟಿಲಿನಲ್ಲಿ ಮುಖ ಸರಿಯಾಗಿದೆ. ಆದರೆ ಅಲ್ಲಿ ಸೆರಗು ಬರಿಯ ಕಾಗದದ ಬಿಳಿ, ನೇಯ್ಗೆ ಇಲ್ಲ, ನೆರಿಗೆ ಇಲ್ಲ. 20ರಲ್ಲೂ ಅಷ್ಟೇ. ನೆಗೆಟಿವಿನಲ್ಲಿ ನೆರಿಗೆ ಇದೆ, ಕಣ್ಣಿಗೆ ಕಾಣುತ್ತದೆ. ಎರಡು ದಾರಿಗಳಿವೆ. ಒಂದು, ಮೆತ್ತಗಿನ ಕಾಗದ. ಇಲ್ಫರ್ಡಿನವರು 1940ರಲ್ಲಿ ಮಲ್ಟಿಗ್ರೇಡ್ ಕಾಗದ ತಂದಮೇಲೆ ಇದಕ್ಕಾಗಿ ಬೇರೆ ಡಬ್ಬಿ ಕೊಳ್ಳಬೇಕಿಲ್ಲ. ಆ ಕಾಗದದ ಲೇಪನದಲ್ಲಿ ಹಲವು ಬಗೆಯ ಹರಳುಗಳು ಬೆರೆತಿವೆ. ನೀಲಿಗೆ ಎಲ್ಲವೂ ಸಮವಾಗಿ ಓಗೊಡುತ್ತವೆ, ಹಸಿರಿಗೆ ಒಂದೊಂದೂ ಒಂದೊಂದು ಪ್ರಮಾಣದಲ್ಲಿ. ನೀಲಿ ಬಿದ್ದರೆ ಎಲ್ಲವೂ ಒಟ್ಟಿಗೆ ಕಪ್ಪಾಗಿ ಚಿತ್ರ ಗಡಸಾಗುತ್ತದೆ. ಹಸಿರು ಬಿದ್ದರೆ ಒಂದಾದ ಮೇಲೊಂದು ಕಪ್ಪಾಗಿ ಮೆತ್ತಗಾಗುತ್ತದೆ. ಮಜೆಂಟಾ ಫಿಲ್ಟರು ಹಸಿರನ್ನು ತಡೆಯುತ್ತದೆ, ಹಳದಿ ಫಿಲ್ಟರು ನೀಲಿಯನ್ನು. ಹಳದಿ ಹಾಕಿದರೆ ಸೆರಗಿನ ನೆರಿಗೆ ಬಂತು, ಆದರೆ ಇಡೀ ಚಿತ್ರಕ್ಕೆ ಬೂದಿ ಬಳಿದಂತಾಯಿತು. ಅಜ್ಜಿಯ ಮುಖದ ಸುಕ್ಕುಗಳೇ ಸತ್ತುಹೋದವು.

ಇನ್ನೊಂದು ದಾರಿ, ಕೈ. 12 ಸೆಕೆಂಡು ಎಲ್ಲಕ್ಕೂ ಬೆಳಕು ಬೀಳಲಿ. ಆ ಹೊತ್ತಿನಲ್ಲಿ ತಂತಿಯ ತುದಿಗೆ ಅಂಟಿಸಿದ ರೂಪಾಯಿಯಗಲದ ರಟ್ಟಿನ ಬಿಲ್ಲೆಯನ್ನು ಅಡುಗೆಮನೆಯ ಬಾಗಿಲಿನ ಮೇಲೆ ಮೂರು ನಾಲ್ಕು ಸೆಕೆಂಡು ಆಡಿಸಿದರೆ ಆ ಕತ್ತಲಿನೊಳಗಿನ ಹಂಡೆಯ ಅಂಚು ಉಳಿದುಕೊಳ್ಳುತ್ತದೆ. ಇದು ಡಾಡ್ಜಿಂಗ್. ಆಮೇಲೆ ತೂತು ಮಾಡಿದ ದೊಡ್ಡ ರಟ್ಟು ಹಿಡಿದು, ಹಳದಿ ಫಿಲ್ಟರಿನಲ್ಲಿ, ಸೆರಗಿಗೆ ಮಾತ್ರ ಇನ್ನೂ 20 ಸೆಕೆಂಡು. ಇದು ಬರ್ನಿಂಗ್. ರಟ್ಟು ಅಲುಗಾಡುತ್ತಲೇ ಇರಬೇಕು. ನಿಂತರೆ ಅದರ ಅಂಚು ಚಿತ್ರದಲ್ಲಿ ಗೆರೆಯಾಗಿ ಉಳಿದು, ಮಾಡಿದ ಉಪಾಯ ಎಲ್ಲರಿಗೂ ಗೊತ್ತಾಗುತ್ತದೆ. ಫೋಟೋಶಾಪಿನಲ್ಲಿ ಇಂದಿಗೂ ಈ ಎರಡು ಹೆಸರಿನ ಉಪಕರಣಗಳಿವೆ. ಡಾಡ್ಜ್‌ನ ಗುರುತಾಗಿ ಅಲ್ಲಿರುವುದು ಕಡ್ಡಿಯ ತುದಿಯ ಬಿಲ್ಲೆ, ಬರ್ನ್‌ನ ಗುರುತು ಬೆರಳು ಮಡಿಸಿ ತೂತು ಮಾಡಿದ ಕೈ. ಅದನ್ನು ದಿನಾ ಒತ್ತುವ ಎಷ್ಟೋ ಜನ ಎನ್ಲಾರ್ಜರನ್ನೇ ಕಂಡವರಲ್ಲ.

ಒಣಗಿದ ಮೇಲೆ ಪ್ರಿಂಟು ಇನ್ನೂ ಸ್ವಲ್ಪ ಕಪ್ಪೇರುತ್ತದೆ, ಮುಖ್ಯವಾಗಿ ಫೈಬರ್ ಕಾಗದದಲ್ಲಿ. ಅನುಭವಸ್ಥರು ಅದಕ್ಕೆಂದೇ ಒದ್ದೆಯಲ್ಲಿ ಕೊಂಚ ತಿಳಿಯಾಗಿರುವಾಗಲೇ ಸಾಕು ಎನ್ನುತ್ತಾರೆ. ಕೊನೆಗೆ ಕೈಗೆ ಬಂದ ಚಿತ್ರದಲ್ಲಿ ಸಾವಿರಾರು ಪಟ್ಟಿನ ದೃಶ್ಯ 100 ಪಟ್ಟಿನ ಕಾಗದದಲ್ಲಿ ಕೂತಿದೆ. ಎಲ್ಲಿ ಏನನ್ನು ಬಿಟ್ಟುಕೊಟ್ಟರೆ ಕಣ್ಣು ಒಪ್ಪುತ್ತದೆ ಎಂಬ ತೀರ್ಮಾನ ಪ್ರಿಂಟು ಮಾಡಿದವರದು. ಫೋನು ಈಗ ಇದೇ ಕೆಲಸವನ್ನು ಎಚ್‌ಡಿಆರ್ ಎಂಬ ಹೆಸರಿನಲ್ಲಿ, ಕೇಳದೆಯೇ, ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸುತ್ತದೆ. ಚೆನ್ನಾಗಿಯೇ ಮಾಡುತ್ತದೆ. ಆದರೆ ಅಲ್ಲಿ ಏನು ಬಿಟ್ಟಿತು, ಏನು ಉಳಿಸಿತು ಎಂದು ನಮಗೆ ಹೇಳುವುದಿಲ್ಲ. ಕತ್ತಲ ಕೋಣೆಗೆ ಮರಳಲು ನಾನು ಒಪ್ಪುವ ಕಾರಣ ಇದೊಂದೇ.

ಇನ್ನು ತೊಳೆಯುವುದು. ಸಿಲ್ವರ್ ಸಲ್ಫೈಡಿನ ಎರಡನೆಯ ಪ್ರವೇಶ ಇಲ್ಲಿ. ಕಾಗದದ ನಾರಿನಲ್ಲಿ ಹೈಪೋ ಉಳಿದರೆ ಅದರೊಳಗಿನ ಗಂಧಕ ನಿಧಾನಕ್ಕೆ ಚಿತ್ರದ ಬೆಳ್ಳಿಯನ್ನು ಹಿಡಿಯುತ್ತದೆ. ಹಳೆಯ ಗ್ರೂಪ್ ಫೋಟೋಗಳಲ್ಲಿ ಅಂಚಿನಿಂದ ಹಳದಿ ಹಬ್ಬಿಕೊಂಡಿರುತ್ತದಲ್ಲ, ಅವಸರದಲ್ಲಿ ತೊಳೆದದ್ದರ ಕುರುಹು ಅದು. ಎಲೆಕ್ಟ್ರಾನನ್ನು ಹಿಡಿದು ಚಿತ್ರಕ್ಕೆ ಜನ್ಮ ಕೊಟ್ಟ ಅದೇ ಸಂಯುಕ್ತ ಇಲ್ಲಿ ಚಿತ್ರವನ್ನು ತಿನ್ನುತ್ತದೆ. ಮೂರನೆಯ ಪ್ರವೇಶ ಇನ್ನೂ ವಿಚಿತ್ರ. ಚಿತ್ರದ ಬೆಳ್ಳಿಯನ್ನು ಬೇಕೆಂದೇ, ಪೂರ್ತಿಯಾಗಿ, ಸಲ್ಫೈಡ್ ಮಾಡಿಬಿಟ್ಟರೆ ಬರುವ ಕಂದು ಬಣ್ಣವೇ ಸೀಪಿಯಾ. ಕೊಳೆತ ಮೊಟ್ಟೆಯ ನಾತ ಸಹಿಸಿಕೊಂಡು ಮಾಡಬೇಕಾದ ಕೆಲಸ. ಆದರೆ ಹಾಗೆ ಮಾಡಿದ ಪ್ರಿಂಟು ಬರಿಯ ಬೆಳ್ಳಿಯದಕ್ಕಿಂತ ಹೆಚ್ಚು ಬಾಳುತ್ತದೆ, ಗಂಧಕಕ್ಕೆ ಇನ್ನು ತಿನ್ನಲು ಏನೂ ಉಳಿದಿರುವುದಿಲ್ಲ. ಫೋನಿನ ಸೀಪಿಯಾ ಫಿಲ್ಟರಿಗೆ ಬಣ್ಣ ಬಂದಿದೆ, ಬಾಳಿಕೆ ಬಂದಿಲ್ಲ.

ಫೈಬರ್ ಪ್ರಿಂಟನ್ನು ಹರಿಯುವ ನೀರಿನಲ್ಲಿ ಗಂಟೆಗಟ್ಟಲೆ ತೊಳೆಯಿರಿ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಇದನ್ನು ಓದಿದರೆ ನಗು ಬರುತ್ತದೆ. ನಡುವೆ ಸೋಡಿಯಂ ಸಲ್ಫೈಟಿನ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿದರೆ ತೊಳೆಯುವ ಸಮಯ ಬಹಳಷ್ಟು ಇಳಿಯುತ್ತದೆ. ಫಿಲ್ಮಿಗಂತೂ ಇಲ್ಫರ್ಡಿನವರೇ ಹೇಳಿಕೊಟ್ಟ ಉಪಾಯವಿದೆ: ಟ್ಯಾಂಕಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಮೂರು ತುಂಬು ನೀರಿಗೆ ಕೆಲಸ ಮುಗಿಯಿತು. ಬಳಸಿದ ಹೈಪೋವನ್ನು ಮಾತ್ರ ಮೋರಿಗೆ ಸುರಿಯಬಾರದು. ಅದರಲ್ಲಿ ಕರಗಿರುವ ಬೆಳ್ಳಿ ಕೆರೆಯ ಸೂಕ್ಷ್ಮಜೀವಿಗಳಿಗೆ ವಿಷ. ಅದರೊಳಗೆ ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಹಾಕಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳ ಸೇರುತ್ತದೆ. ತುಕ್ಕು ಹಿಡಿಯುವ ಸ್ಟೀಲ್ ವುಲ್ ಆಗಬೇಕು, ಸ್ಟೇನ್‌ಲೆಸ್ ಸ್ಟೀಲಿನ ಗುಂಜು ಪ್ರಯೋಜನವಿಲ್ಲ. ಹಳೆಯ ಎಕ್ಸ್‌ರೇ ಹಾಳೆಗಳನ್ನು ಗುಜರಿಯವರು ಕೊಂಡುಕೊಳ್ಳುತ್ತಿದ್ದದ್ದೂ ಈ ಬೆಳ್ಳಿಯ ಆಸೆಗೇ.

ಬಾಳಿಕೆಯ ವಿಷಯದಲ್ಲಿ ಫಿಲ್ಮಿನ ಪರ ವಾದಿಸುವವರಿಗೆ ಒಳ್ಳೆಯ ಸಾಕ್ಷಿ ಕೊಡೈಕೆನಾಲ್‌ನಲ್ಲಿದೆ. ಅಲ್ಲಿನ ಸೌರ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದದ್ದು ಅಲ್ಲೇ. ಶತಮಾನದಷ್ಟು ಹಳೆಯ ಆ ಫಲಕಗಳನ್ನು, ವೀಕ್ಷಣಾಲಯವನ್ನು ನಡೆಸುವ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದಿದೆ, ಅವುಗಳಿಂದ ಇಂದಿಗೂ ಹೊಸ ಲೆಕ್ಕಗಳು ಹೊರಡುತ್ತಿವೆ. ಎವರ್‌ಶೆಡ್ ಇಂದಿನ ಯಾವುದೋ ಫೈಲಿನಲ್ಲಿ ಉಳಿಸಿದ್ದರೆ ನೂರು ವರ್ಷದ ನಂತರ ಅದನ್ನು ತೆರೆಯುವ ಯಂತ್ರ ಇರುತ್ತಿತ್ತೇ ಎಂದು ಕೇಳಬಹುದು. ಆದರೆ ಅದು ಗಾಜು, ತಂಪು ಬೆಟ್ಟ, ಜೋಪಾನ ಮಾಡುವ ಸಂಸ್ಥೆ. ಅಸಿಟೇಟ್ ಫಿಲ್ಮು ಸೆಕೆಯಲ್ಲಿ ಕೊಳೆತು ವಿನೆಗರಿನ ವಾಸನೆ ಹೊಡೆಯುತ್ತದೆ. ಉಡುಪಿ, ಕಾರವಾರದ ಮಳೆಗಾಲದಲ್ಲಿ ಜೆಲಟಿನ್ ಮೇಲೆ ಬೂಷ್ಟು ಬೆಳೆದು ಮದುವೆಯ ನೆಗೆಟಿವುಗಳನ್ನು ಮೇದುಬಿಡುತ್ತದೆ.

ಮರಳುವುದು ಅನ್ನುವುದು ಕೊಳ್ಳುವವನಿಗೆ ಸುಲಭ, ಕಾರ್ಖಾನೆಗೆ ಕಷ್ಟ. ಪೋಲರಾಯ್ಡ್ ಕಂಪನಿ 2008ರಲ್ಲಿ ತಕ್ಷಣ ಮೂಡುವ ಫಿಲ್ಮನ್ನು ನಿಲ್ಲಿಸಿದಾಗ ಕೆಲವರು ನೆದರ್‌ಲ್ಯಾಂಡ್ಸಿನ ಎನ್‌ಶೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಉಳಿಸಿಕೊಂಡರು. ಯಂತ್ರಗಳೇನೋ ಇದ್ದವು. ಹಳೆಯ ರಾಸಾಯನಿಕಗಳನ್ನು ಒದಗಿಸುತ್ತಿದ್ದವರು ಇರಲಿಲ್ಲ. ಸೂತ್ರವನ್ನೇ ಹೊಸದಾಗಿ ಕಟ್ಟಬೇಕಾಯಿತು. 2010ರಲ್ಲಿ ಹೊರಬಂದ ಮೊದಲ ಫಿಲ್ಮು ಕ್ಯಾಮೆರಾದಿಂದ ಹೊರಬಿದ್ದ ಕೂಡಲೇ ಬೆಳಕಿನಿಂದ ಮುಚ್ಚಿಡದಿದ್ದರೆ ಕೆಟ್ಟುಹೋಗುತ್ತಿತ್ತು. ನಮ್ಮ ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನಲ್ಲಿ ಫಿಲ್ಮು, ಕಾಗದ, ಎಕ್ಸ್‌ರೇ ಹಾಳೆಗಳನ್ನು ಮಾಡುತ್ತಿತ್ತು. ತಂಪು, ದೂಳಿಲ್ಲದ ಗಾಳಿ ಈ ಉದ್ಯಮಕ್ಕೆ ಹೇಳಿಮಾಡಿಸಿದ್ದು. ಕರ್ನಾಟಕದ ಸ್ಟುಡಿಯೋಗಳ ಕಪಾಟಿನಲ್ಲೂ ಆ ಡಬ್ಬಿಗಳಿರುತ್ತಿದ್ದವು. ಅದು ಮುಚ್ಚಿಹೋಯಿತು, ಮರಳಿ ಬರುವ ಸೂಚನೆಯಿಲ್ಲ. ಇಂದು ಇಲ್ಲಿ ಸಿಗುವ ಕಪ್ಪುಬಿಳುಪು ರೋಲು ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಜೆಕ್ ದೇಶದಿಂದಲೋ ಸುಂಕ ತೆತ್ತು ಬಂದದ್ದು.

ಆದರೆ ಬೆಳ್ಳಿಯ ಕಾಗದಕ್ಕೆ ನಮ್ಮಲ್ಲಿ ಅಂಥ ಬರಗಾಲ ಬಂದೇ ಇಲ್ಲ. ಮದುವೆಯ ಕರಿಜ್ಮಾ ಆಲ್ಬಮ್ಮನ್ನು ಮನೆಯವರೆಲ್ಲ ಡಿಜಿಟಲ್ ಎಂದೇ ತಿಳಿದಿದ್ದಾರೆ. ಕ್ಯಾಮೆರಾ ಡಿಜಿಟಲ್, ಪುಟ ಜೋಡಿಸಿದ್ದು ಕಂಪ್ಯೂಟರಿನಲ್ಲಿ, ಎಲ್ಲ ನಿಜ. ಆದರೆ ಎಷ್ಟೋ ಕಲರ್ ಲ್ಯಾಬುಗಳಲ್ಲಿ ಆ ಫೈಲು ಕೊನೆಗೆ ಕೆಂಪು, ಹಸಿರು, ನೀಲಿ ಲೇಸರುಗಳಾಗಿ ಬೀಳುವುದು ಸಿಲ್ವರ್ ಹಾಲೈಡ್ ಕಾಗದದ ಮೇಲೆಯೇ. ಅಲ್ಲೂ ಸುಪ್ತ ಬಿಂಬ, ಅಲ್ಲೂ ಡೆವಲಪರ್. ಬೆಳ್ಳಿಗೆ ಎಲೆಕ್ಟ್ರಾನ್ ಕೊಟ್ಟು ತಾನು ಬದಲಾದ ಡೆವಲಪರಿನ ಅಣು, ಪಕ್ಕದಲ್ಲೇ ಕಾದಿರುವ ಇನ್ನೊಂದು ರಾಸಾಯನಿಕದೊಡನೆ ಕೂಡಿ ಬಣ್ಣವಾಗುತ್ತದೆ. ಮೂರು ಪದರಗಳಲ್ಲಿ ಮೂರು ಬಣ್ಣ. ಬಣ್ಣ ಹುಟ್ಟಿದ ಮೇಲೆ ಮುಂದಿನ ತೊಟ್ಟಿಯ ಬ್ಲೀಚ್-ಫಿಕ್ಸ್ ದ್ರಾವಣ ಬೆಳ್ಳಿಯನ್ನೆಲ್ಲ ಕರಗಿಸಿ ಒಯ್ಯುತ್ತದೆ. ವಧುವರರ ಕೈ ಸೇರುವ ಆಲ್ಬಮ್ಮಿನಲ್ಲಿ ಬೆಳ್ಳಿ ಇರುವುದಿಲ್ಲ. ಅದು ಲ್ಯಾಬಿನ ಹಿಂದಿನ ಡ್ರಮ್ಮಿನಲ್ಲಿರುತ್ತದೆ. ಲೆಕ್ಕ ಬಲ್ಲ ಮಾಲೀಕ ಆ ಡ್ರಮ್ಮು ತುಂಬಿದಾಗ ಬೆಳ್ಳಿ ತೆಗೆಯುವವರಿಗೆ ಫೋನು ಮಾಡುತ್ತಾನೆ, ಅಂದಿನ ಬೆಳ್ಳಿಯ ದರ ನೋಡಿಕೊಂಡು.